ಮೆಡಿಕಲ್ ಕಾಲೇಜಿನ ಎಮರ್ಜೆನ್ಸಿ ವಿಭಾಗ: ಯಾವ ದುಡ್ಡು ಬಾಳಿಕೆ ಬರುತ್ತದೆ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಈಗ ನಮ್ಮ ಕಡೆಯದೇ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಮರ್ಜೆನ್ಸಿ ವಿಭಾಗ ನೋಡಿಕೊಳ್ಳುತ್ತಾನೆ. "ಸರ್, ಒಂದು ಕಂಪನಿಯವರು ಎರಡು ವೆಂಟಿಲೇಟರ್ ಕೊಡ್ತೀವಿ ಅಂತಿದ್ದಾರೆ. ಡೀನ್ ಸಾಹೇಬರು ಸಂಶೋಧನೆಯ ಅನುದಾನಕ್ಕೆ ಅರ್ಜಿ ಹಾಕು ಅಂತಾರೆ. ಆಫೀಸಿನವರು ಆಯುಷ್ಮಾನ್ ಕ್ಲೇಮ್ ಜಾಸ್ತಿ ಮಾಡ್ರಿ ಅಂತಾರೆ. ನಾನು ಇರೋದು ಒಬ್ಬ, ರಾತ್ರಿ ಡ್ಯೂಟಿಗೆ ಡಾಕ್ಟರೇ ಸಾಲ್ತಿಲ್ಲ. ಯಾವುದರ ಹಿಂದೆ ಓಡಲಿ?"

ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವನೊಬ್ಬನದಲ್ಲ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕಾಲೇಜು (ಹೆಸರು ಬದಲಾದರೂ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವುದು), ಸತ್ತೂರಿನ ಎಸ್‌ಡಿಎಂ, ಹುಬ್ಬಳ್ಳಿಯದೇ ಕೆಎಲ್‌ಇ ಕಾಲೇಜು, 2015ರಲ್ಲಿ ಬಂದ ಗದಗದ ಜಿಮ್ಸ್, 2022ರ ಹಾವೇರಿಯ ಹಿಮ್ಸ್, ಎಲ್ಲ ಕಡೆಯೂ ಇದೇ ಪ್ರಶ್ನೆ. ಕೆಲವು ಸರ್ಕಾರದವು, ಕೆಲವು ಸಂಸ್ಥೆಗಳವು. ಕೆಲವು ಹಳೆಯವು, ಕೆಲವು ಇನ್ನೂ ಕಟ್ಟುತ್ತಾ ಇರುವವು. ಒಬ್ಬರಿಗೆ ಸರಿಯಾದ ದಾರಿ ಇನ್ನೊಬ್ಬರಿಗೆ ಸರಿಯಾಗುವುದಿಲ್ಲ. ಅದಕ್ಕೇ ಹೋಲಿಸಿ ನೋಡಬೇಕು.

ಮೊದಲು ಖರ್ಚು ನೋಡಿ, ಆಮೇಲೆ ದುಡ್ಡು ಹುಡುಕಿ

ನಮ್ಮಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ದುಡ್ಡು ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇವೆ, ಸಿಕ್ಕಿದ ಮೇಲೆ ಅದನ್ನು ಯಾವುದಕ್ಕೆ ಹಾಕುವುದು ಅಂತ ಯೋಚಿಸುತ್ತೇವೆ. ಆ ಲೆಕ್ಕ ತಿರುಗಿಸಿ.

ಎಮರ್ಜೆನ್ಸಿ ವಿಭಾಗದ ದೊಡ್ಡ ಖರ್ಚು ಜನ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಒಂದು ಕುರ್ಚಿಯನ್ನು ಹಗಲು ರಾತ್ರಿ ಖಾಲಿ ಬಿಡದೆ ಇಡಲು ಮೂರೂವರೆ ಜನ ಬೇಕು. ರಜೆ, ಜ್ವರ, ಹೆರಿಗೆ ರಜೆ, ಪರೀಕ್ಷೆ, ಕೋರ್ಟಿಗೆ ಎಂಎಲ್‌ಸಿ (ಪೊಲೀಸ್ ಕೇಸಾದ ರೋಗಿಗಳ) ಸಾಕ್ಷಿ ಹೇಳಲು ಹೋಗುವುದು, ಇವನ್ನೆಲ್ಲ ಸೇರಿಸಿದರೆ ನಾಲ್ಕೂವರೆ ಅಂತ ಹಿಡಿಯಿರಿ. ಅಂದರೆ ಯಾವ ಹೊತ್ತಿಗೂ ಇಬ್ಬರು ಡಾಕ್ಟರು, ನಾಲ್ವರು ನರ್ಸ್‌ಗಳು ಇರಬೇಕು ಅಂದರೆ ಒಟ್ಟು 27 ಜನರ ಸಂಬಳ. ಎಷ್ಟೋ ಆಡಳಿತ ಮಂಡಳಿಗಳಿಗೆ ಈ ಸರಳ ಗುಣಾಕಾರವನ್ನು ಯಾರೂ ತೋರಿಸಿರುವುದೇ ಇಲ್ಲ. "ಆರು ಜನ ಸಾಕಲ್ಲ" ಅಂತ ಕೇಳುತ್ತಾರೆ. ಒಂದು ಹಾಳೆಯಲ್ಲಿ ಬರೆದು ತೋರಿಸಿ, ಅರ್ಧ ಕೆಲಸ ಆಗುತ್ತದೆ.

ಸಂಬಳದ ನಂತರ ಬರುವುದು ದಿನಬಳಕೆಯ ಸಾಮಾನು, ಔಷಧಿ. ಆಮೇಲೆ ಯಂತ್ರಗಳು, ಕಟ್ಟಡ.

ಇವೆಲ್ಲದರ ನಡುವೆ ಯಾವ ಬಿಲ್ಲಿನಲ್ಲೂ ಕಾಣದ ಒಂದು ಖರ್ಚಿದೆ. ಅದು ಕಲಿಸುವ ಸಮಯ. ಹಾವೇರಿ, ಗದಗ ಕಡೆಯ ಎಮರ್ಜೆನ್ಸಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ: ಬೆಳೆಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿ ರಾತ್ರಿ ಎರಡಕ್ಕೆ ಬರುವವರು ಇರುತ್ತಾರೆ. ಅವರಿಗೆ ಅಟ್ರೋಪಿನ್ (ಆ ವಿಷಕ್ಕೆ ಕೊಡುವ ಮದ್ದು) ಕೊಡುವಾಗ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು ಮಾಡುತ್ತಾ, ಎದೆಯ ಸದ್ದು ತಿಳಿಯಾಗುವವರೆಗೆ ಪಕ್ಕದಲ್ಲೇ ನಿಂತಿರಬೇಕು. ಅಲ್ಲಿ ಹೌಸ್ ಸರ್ಜನ್‌ನ (ತರಬೇತಿಯಲ್ಲಿರುವ ಹೊಸ ಡಾಕ್ಟರ್) ಕೈ ಹಿಡಿದು ತೋರಿಸುವ ಸೀನಿಯರ್ ಆ ಒಂದು ಗಂಟೆ ಬೇರೆ ರೋಗಿ ನೋಡುವುದಿಲ್ಲ. ಆ ಗಂಟೆಗೆ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ. ಆದರೆ ಅದಿಲ್ಲದಿದ್ದರೆ ಅದು ಬರೀ ಕ್ಯಾಜುಯಲ್ಟಿ, ಕಲಿಸುವ ವಿಭಾಗ ಅಲ್ಲ. ಮುಂದೆ ಯಾವ ಮೂಲವನ್ನು ನೋಡಿದರೂ ಈ ಪ್ರಶ್ನೆ ಕೇಳಿ: ಇದು ಆ ಒಂದು ಗಂಟೆಯ ಸಂಬಳ ಕೊಡುತ್ತದೆಯಾ?

ನಿಯಮದ ಮೇಲೆ ಭಾರ ಹಾಕಿ ಕೂರಬೇಡಿ, ಅದಕ್ಕೂ ಕಾರಣವಿದೆ. ಎಮರ್ಜೆನ್ಸಿ ಮೆಡಿಸಿನ್ ಅನ್ನು ಪ್ರತ್ಯೇಕ ವಿಷಯ ಅಂತ ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದು 2009ರಲ್ಲಿ. 2020ರ ನಿಯಮದಲ್ಲಿ ಎಂಬಿಬಿಎಸ್ ಕಾಲೇಜುಗಳಿಗೆ ಈ ವಿಭಾಗ ಕಡ್ಡಾಯ ಅಂದರು. ಎಲ್ಲರೂ ಖುಷಿಪಟ್ಟೆವು. 2023ರಲ್ಲಿ ಹೊಸ ನಿಯಮ ಬಂದಾಗ ಕಡ್ಡಾಯದ ಪಟ್ಟಿಯಿಂದ ಅದನ್ನು ಕೈಬಿಟ್ಟರು. "ನಿಯಮ ಇದೆ, ಕೊಡಲೇಬೇಕು" ಅನ್ನುವ ವಾದವನ್ನೇ ನಂಬಿದವರಿಗೆ ಆವತ್ತು ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಅದಕ್ಕೇ ದುಡ್ಡಿನ ವಾದ ಬೇರೆಯಾಗಿಯೇ ಗಟ್ಟಿ ಇರಬೇಕು.

ಸರ್ಕಾರದ ಮಂಜೂರಾದ ಹುದ್ದೆ

ಸರ್ಕಾರಿ ಕಾಲೇಜಾದರೆ ಇದಕ್ಕಿಂತ ಬಾಳಿಕೆ ಬರುವ ದುಡ್ಡು ಇನ್ನೊಂದಿಲ್ಲ. ಒಮ್ಮೆ ಹುದ್ದೆ ಮಂಜೂರಾದರೆ ಪ್ರತಿ ವರ್ಷದ ಬಜೆಟ್‌ನಲ್ಲಿ ಅದರ ಸಂಬಳ ತಾನಾಗಿ ಬಂದು ಕೂರುತ್ತದೆ. ಯಾರ ಮುಂದೆಯೂ ಮತ್ತೆ ಕೈ ಚಾಚಬೇಕಿಲ್ಲ. ಕಲಿಸುವ ಗಂಟೆಗೂ ಇದೇ ಸಂಬಳ ಕೊಡುತ್ತದೆ.

ಕಷ್ಟ ಏನು ಅಂದರೆ ನಿಧಾನ. ಕಾಲೇಜಿನಿಂದ ವೈದ್ಯಕೀಯ ಶಿಕ್ಷಣ ಇಲಾಖೆಗೆ, ಅಲ್ಲಿಂದ ಹಣಕಾಸು ಇಲಾಖೆಗೆ, ಅಲ್ಲಿ ಒಂದು ಆಕ್ಷೇಪಣೆ ಬಂದರೆ ಕಡತ ಮತ್ತೆ ಕೆಳಗೆ. ಎರಡು ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಇನ್ನೊಂದು ಕಷ್ಟ, ಹುದ್ದೆ ಇದ್ದರೂ ಜನ ಬರುವುದಿಲ್ಲ. ಎಮರ್ಜೆನ್ಸಿಯಲ್ಲಿ ಎಂಡಿ ಮಾಡಿದ ಹುಡುಗ ಬೆಂಗಳೂರಿನ ಖಾಸಗಿ ಆಸ್ಪತ್ರೆ ಬಿಟ್ಟು ಜಿಲ್ಲೆಗೆ ಬರಬೇಕಾದರೆ ಸಂಬಳದ ಜೊತೆಗೆ ಮನೆ, ಮಕ್ಕಳ ಶಾಲೆ, ಸರಿಯಾದ ಡ್ಯೂಟಿ ಪಟ್ಟಿ ಎಲ್ಲವೂ ಬೇಕು.

ಇಲ್ಲಿ ನನ್ನ ಗಟ್ಟಿ ಮಾತು ಒಂದೇ. ಹೊರಗುತ್ತಿಗೆಯ ಐದು ಜನ ಈಗಲೇ ಸಿಗುತ್ತಾರೆ ಅಂದರೂ, ಅದರ ಆಸೆಗೆ ಮಂಜೂರಾದ ಹುದ್ದೆಯ ಕಡತ ಬಿಡಬೇಡಿ. ಗುತ್ತಿಗೆಯವರನ್ನು ತೆಗೆದುಕೊಳ್ಳಿ, ಕಡತವನ್ನೂ ಓಡಿಸುತ್ತಿರಿ. ಗುತ್ತಿಗೆ ಮುಗಿದ ದಿನ ಅವರಿಗೆ ನೀವು ಎರಡು ವರ್ಷ ಕಲಿಸಿದ್ದೆಲ್ಲ ಅವರ ಜೊತೆ ಬಾಗಿಲು ದಾಟಿ ಹೋಗುತ್ತದೆ.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ಮಾತಿದೆ. ಕೊಪ್ಪಳ, ಬಳ್ಳಾರಿ ಕಡೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಮಂಡಳಿಯ ಅನುದಾನ ಇದೆ. ಧಾರವಾಡ, ಗದಗ, ಹಾವೇರಿ ಅದರಲ್ಲಿ ಬರುವುದಿಲ್ಲ. ಆದರೆ ಆ ಕಡೆಯ, ಬೇರೆ ಜಿಲ್ಲೆಗಳ ರೋಗಿಗಳೂ ಹುಬ್ಬಳ್ಳಿಗೆ ಬರುತ್ತಲೇ ಇರುತ್ತಾರೆ. 2025ರ ಜನವರಿಯಲ್ಲಿ ಸವಣೂರಿನ ತರಕಾರಿ, ಹಣ್ಣು ವ್ಯಾಪಾರಿಗಳಿದ್ದ ಲಾರಿ ಯಲ್ಲಾಪುರದ ಹತ್ತಿರ ಉರುಳಿ 10 ಜನ ಸತ್ತರು. ಅಪಘಾತ ಆದದ್ದು ಉತ್ತರ ಕನ್ನಡದಲ್ಲಿ, ಜನ ಹಾವೇರಿಯವರು, ಗಾಯಾಳುಗಳು ಬಂದಿದ್ದು ಹುಬ್ಬಳ್ಳಿಯ ಕಿಮ್ಸ್‌ಗೆ. 2024ರ ಜೂನ್‌ನಲ್ಲಿ ಬ್ಯಾಡಗಿ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಹೋದರು, ಅವರು ಭದ್ರಾವತಿ ಕಡೆಯವರು.  ಹುದ್ದೆ ಕೇಳುವ ಪತ್ರದಲ್ಲಿ ಜಿಲ್ಲೆಯ ಜನಸಂಖ್ಯೆ ಮಾತ್ರ ಬರೆಯಬೇಡಿ. ಯಾವ ಜಿಲ್ಲೆಯಿಂದ ಎಷ್ಟು ರೋಗಿಗಳು ಬಂದರು ಅಂತ ಮೂರು ವರ್ಷದ ರಿಜಿಸ್ಟರ್ ತೆಗೆದು ಬರೆಯಿರಿ. ಹಣಕಾಸು ಇಲಾಖೆಯವರು ಓದುವುದು ಅದನ್ನು.

ಕ್ಲೇಮ್ ದುಡ್ಡು: ಎಮರ್ಜೆನ್ಸಿ ದುಡಿಯುತ್ತದೆ, ಲೆಕ್ಕ ಇನ್ನೊಬ್ಬರ ಹೆಸರಿಗೆ

ಕ್ಲೇಮ್ ಅಂದರೆ ರೋಗಿಯ ಚಿಕಿತ್ಸೆಗೆ ಆರೋಗ್ಯ ಯೋಜನೆಗಳಿಂದ ಆಸ್ಪತ್ರೆ ಕೇಳಿ ಪಡೆಯುವ ದುಡ್ಡು. ಖಾಸಗಿ ಕಾಲೇಜಿಗೆ ಇದೇ ಮುಖ್ಯ ಮೂಲ. ಸರ್ಕಾರಿ ಕಾಲೇಜಿಗೆ ಎರಡನೆಯದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆಯಲ್ಲಿ ಮೊದಲೇ ಕಟ್ಟಿದ ದರ) ಶೇ 30ರಷ್ಟು, 1.5 ಲಕ್ಷದವರೆಗೆ. ಸಾಮಾನ್ಯ ಕಾಯಿಲೆಗಾದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಬೇಡ. ಇದರ ಜೊತೆಗೆ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಸರ್ಕಾರಿ ನೌಕರರಿಗೆ ಅವರದೇ ಆರೋಗ್ಯ ಯೋಜನೆ, ಕಾರ್ಖಾನೆಯವರಿಗೆ ಇಎಸ್‌ಐ. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇದೆ, ರೈಲ್ವೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವುದನ್ನೂ ಮರೆಯಬೇಡಿ.

ಇಲ್ಲಿ ದುಡ್ಡು ಪ್ರತಿ ತಿಂಗಳು ಹರಿಯುತ್ತದೆ, ರೋಗಿಗಳು ಹೆಚ್ಚಾದಂತೆ ಹೆಚ್ಚುತ್ತದೆ. ಆದರೆ ಎಮರ್ಜೆನ್ಸಿ ವಿಭಾಗಕ್ಕೆ ಇದರಲ್ಲಿ ಒಂದು ದೊಡ್ಡ ತೊಂದರೆ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ಯಾಕೇಜ್ ಕಟ್ಟಿರುವುದು ಆಪರೇಷನ್ ಅಥವಾ ಕಾಯಿಲೆಯ ಮೇಲೆ. ಬೈಪಾಸ್‌ನಲ್ಲಿ ಬೈಕ್‌ನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡವನನ್ನು 108ರವರು ತಂದು ಮಲಗಿಸುತ್ತಾರೆ. ಉಸಿರಿನ ದಾರಿ ನೋಡುವುದು, ರಕ್ತ ನಿಲ್ಲಿಸುವುದು, ಸ್ಪ್ಲಿಂಟ್ ಕಟ್ಟುವುದು, ಸ್ಕ್ಯಾನ್ ಮಾಡಿಸುವುದು, ಬಿಪಿ ಮೇಲೆ ತರುವುದು, ಮನೆಯವರಿಗೆ ಧೈರ್ಯ ಹೇಳುವುದು, ಪೊಲೀಸರಿಗೆ ತಿಳಿಸುವುದು, ಎಲ್ಲ ಎಮರ್ಜೆನ್ಸಿಯಲ್ಲಿ. ಆಮೇಲೆ ಅವನು ಆರ್ಥೋ ವಾರ್ಡಿಗೆ ಹೋಗುತ್ತಾನೆ, ಕ್ಲೇಮ್ ಆರ್ಥೋ ಹೆಸರಿನಲ್ಲಿ ಏಳುತ್ತದೆ. ವರ್ಷದ ಕೊನೆಗೆ ಆಡಳಿತದವರು ಲೆಕ್ಕ ತೆಗೆದಾಗ ಎಮರ್ಜೆನ್ಸಿ ವಿಭಾಗದ ಮುಂದೆ ಖರ್ಚು ಮಾತ್ರ ಕಾಣುತ್ತದೆ. ಆದಾಯ ಸೊನ್ನೆ. "ಈ ವಿಭಾಗ ನಷ್ಟದಲ್ಲಿದೆ" ಅಂತ ಒಂದು ಸಾಲು ಬರೆದುಬಿಡುತ್ತಾರೆ, ಮುಂದಿನ ವರ್ಷ ಒಬ್ಬ ಡಾಕ್ಟರ್ ಕಡಿಮೆ. ನನಗೆ ಇದು ನೋಡಿ ನೋಡಿ ನಿಜಕ್ಕೂ ನೋವಾಗಿದೆ. ಆಸ್ಪತ್ರೆಯ ಅರ್ಧ ಹಾಸಿಗೆ ತುಂಬಿಸುವ ಬಾಗಿಲನ್ನೇ ನಷ್ಟ ಅಂತ ಬರೆಯುವುದು ಯಾವ ಲೆಕ್ಕ?

ಇದಕ್ಕೆ ಪರಿಹಾರ ಕಾಲೇಜಿನ ಒಳಗೇ ಇದೆ, ಸರ್ಕಾರದ ಆದೇಶ ಬೇಕಾಗಿಲ್ಲ. ಎಮರ್ಜೆನ್ಸಿಯಿಂದ ವಾರ್ಡಿಗೆ ಹೋದ ಪ್ರತಿ ಕ್ಲೇಮ್‌ನಲ್ಲಿ ಇಷ್ಟು ಎಮರ್ಜೆನ್ಸಿಗೆ ಅಂತ ಒಳಗಿನ ಲೆಕ್ಕದಲ್ಲಿ ಬರೆಯಬೇಕು. ಉದಾಹರಣೆಗೆ ತಿಂಗಳಿಗೆ 300 ಜನ ಹೀಗೆ ದಾಖಲಾಗುತ್ತಾರೆ ಅಂತಿಟ್ಟುಕೊಳ್ಳಿ. ತಲೆಗೆ ₹1,000 ಅಂದರೂ ತಿಂಗಳಿಗೆ 3 ಲಕ್ಷ, ವರ್ಷಕ್ಕೆ 36 ಲಕ್ಷ. ಕೆಲವು ಸೀನಿಯರ್ ರೆಸಿಡೆಂಟ್‌ಗಳ ಸಂಬಳ ಬಂತಲ್ವಾ? ಆರ್ಥೋದವರು, ಸರ್ಜರಿಯವರು ಮೊದಲು ಮುಖ ಗಂಟಿಕ್ಕುತ್ತಾರೆ. ಎಮರ್ಜೆನ್ಸಿ ಚೆನ್ನಾಗಿ ನಡೆದರೆ ರಾತ್ರಿ ಅವರಿಗೆ ಬರುವ ಫೋನ್‌ಗಳು ಕಡಿಮೆಯಾಗುತ್ತವೆ ಅಂತ ತಿಳಿದ ಮೇಲೆ ಒಪ್ಪುತ್ತಾರೆ.

ಇನ್ನೊಂದು ಸೋರುವ ಜಾಗ ರಾತ್ರಿ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಕ್ಲೇಮ್ ನೋಡುವವರು ಸಂಜೆ ಆರಕ್ಕೆ ಮನೆಗೆ ಹೋಗುತ್ತಿದ್ದರು. ಶನಿವಾರ ರಾತ್ರಿ ಬಂದವರ ಪ್ರೀಆಥ್ (ಯೋಜನೆಯಿಂದ ಮುಂಚಿತ ಒಪ್ಪಿಗೆ ಕೇಳುವ ಅರ್ಜಿ) ಸೋಮವಾರ ಬೆಳಿಗ್ಗೆ ಹಾಕುತ್ತಿದ್ದರು. ಅಷ್ಟರಲ್ಲಿ ಕೆಲವರು ಬಿಡುಗಡೆ ಆಗಿರುತ್ತಿದ್ದರು, ಕೆಲವರು ತೀರಿಕೊಂಡಿರುತ್ತಿದ್ದರು, ಎಷ್ಟೋ ಮಂದಿಯ ರೇಷನ್ ಕಾರ್ಡ್ ಸಿಕ್ಕಿರುತ್ತಿರಲಿಲ್ಲ. ಮಾಡಿದ ಕೆಲಸದ ದುಡ್ಡು ಹಾಗೆಯೇ ಹೋಯಿತು. ರಾತ್ರಿ ಪಾಳಿಗೆ ಇಬ್ಬರು ಡಾಟಾ ಎಂಟ್ರಿ ಹುಡುಗರನ್ನು ಹಾಕಿ ಅಂತ ನಾವು ಕೇಳಿ ಕೇಳಿ ಕೊನೆಗೆ ಹಾಕಿದರು. ಅವರ ಸಂಬಳಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವಾಪಸ್ ಬಂತು. ಹೊಸ ದುಡ್ಡು ಹುಡುಕುವ ಮೊದಲು ಸೋರುವುದನ್ನು ನಿಲ್ಲಿಸಿ.

ಒಂದು ಎಚ್ಚರಿಕೆಯೂ ಇದೆ. ಕ್ಲೇಮ್ ಬೇಕು ಅಂತ ಅಡ್ಮಿಟ್ ಮಾಡಬೇಡಿ. ಆರು ಗಂಟೆ ನೋಡಿ ಮನೆಗೆ ಕಳಿಸಬಹುದಾದವರನ್ನು ಮೂರು ದಿನ ಮಲಗಿಸುವ ಅಭ್ಯಾಸ ಒಮ್ಮೆ ಶುರುವಾದರೆ ನಿಮ್ಮ ಪಿಜಿಗಳು (ಎಂಡಿ ಓದುತ್ತಿರುವ ಡಾಕ್ಟರುಗಳು) ಕಲಿಯುವುದು ಅದನ್ನೇ. ಹಾಗೆಯೇ ಬಾಗಿಲಲ್ಲಿ ಅಡ್ವಾನ್ಸ್ ಕೇಳುವುದು ಒಂದು ಮೂಲವೇ ಅಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಅಂತ ಖಾಸಗಿ ಆಸ್ಪತ್ರೆಗಳಿಗಿರುವ ಕರ್ನಾಟಕದ ಕೆಪಿಎಂಇ ಕಾಯ್ದೆಯೇ ಹೇಳುತ್ತದೆ. ಚಿಕಿತ್ಸೆ ಮೊದಲು, ಉಳಿದದ್ದು ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ರಸ್ತೆ ಅಪಘಾತದ ದುಡ್ಡು

ಇದನ್ನು ಪ್ರತ್ಯೇಕ ಹೇಳುತ್ತೇನೆ, ಯಾಕೆಂದರೆ ನಮ್ಮ ಊರುಗಳು ಕೂತಿರುವುದೇ ಹೆದ್ದಾರಿಯ ಮೇಲೆ. ಪುಣೆ-ಬೆಂಗಳೂರಿನ 48ನೇ ಹೆದ್ದಾರಿ ಧಾರವಾಡ, ಹುಬ್ಬಳ್ಳಿ, ಹಾವೇರಿ ದಾಟಿ ಹೋಗುತ್ತದೆ, ಹುಬ್ಬಳ್ಳಿಯಿಂದ ಗದಗ ಮೇಲೆ ಹೊಸಪೇಟೆಗೆ 67.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದವರಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿತು. ಒಬ್ಬರಿಗೆ 1.5 ಲಕ್ಷದವರೆಗೆ, ಅಪಘಾತ ಆದ ದಿನದಿಂದ 7 ದಿನ. ಬಿಪಿಎಲ್ ಕಾರ್ಡ್ ಇದೆಯಾ, ಯಾವ ರಾಜ್ಯದವರು ಅನ್ನುವ ಪ್ರಶ್ನೆ ಇಲ್ಲ. ಹೊರಗಿನ ಲಾರಿ ಚಾಲಕರು ಜಾಸ್ತಿ ಬರುವ ನಮ್ಮಂಥ ಕಡೆ ಇದು ದೊಡ್ಡ ಅನುಕೂಲ. ಯೋಜನೆಗೆ ಸೇರದ ಆಸ್ಪತ್ರೆಗೆ ಸ್ಥಿರಗೊಳಿಸುವ ಚಿಕಿತ್ಸೆಯ ದುಡ್ಡು ಮಾತ್ರ, ಹಾಗಾಗಿ ಸೇರುವುದು ಮೊದಲ ಕೆಲಸ. ಪೊಲೀಸರು ಇದು ರಸ್ತೆ ಅಪಘಾತ ಅಂತ ದೃಢಪಡಿಸಬೇಕು. ಠಾಣೆಯವರ ಜೊತೆ ನಿಮ್ಮ ಎಂಎಲ್‌ಸಿ ಬರೆಯುವವರ ಸಂಬಂಧ ಚೆನ್ನಾಗಿರಲಿ. ಅದಕ್ಕೂ ಮೊದಲು, 2016ರಲ್ಲೇ, ನಮ್ಮ ರಾಜ್ಯದಲ್ಲಿ ಹರೀಶ್ ಸಾಂತ್ವನ ಯೋಜನೆ ಬಂದಿತ್ತು, ಮೊದಲ 48 ಗಂಟೆಗೆ 25 ಸಾವಿರದವರೆಗೆ.

ಬಾಳಿಕೆಯ ದೃಷ್ಟಿಯಿಂದ ನಾನು ಇದಕ್ಕೆ ಮಧ್ಯದ ಅಂಕ ಕೊಡುತ್ತೇನೆ. ದುಡ್ಡು ಕೆಲಸಕ್ಕೆ ಅಂಟಿಕೊಂಡಿದೆ, ಅದು ಒಳ್ಳೆಯದು. ಅಪಘಾತ ಕಡಿಮೆಯಾದರೆ ದುಡ್ಡೂ ಕಡಿಮೆ, ಹಾಗೆ ಆಗಲಿ ಅಂತಲೇ ನಾವೆಲ್ಲ ಬಯಸುವುದು. ಸಂಬಳವನ್ನು ಇದರ ಮೇಲೆ ನಿಲ್ಲಿಸಬೇಡಿ. ಸಾಮಾನು, ರಕ್ತ, ಸ್ಕ್ಯಾನ್ ಖರ್ಚಿಗೆ ಇದು ಸರಿ.

ಕೇಂದ್ರದ ಯೋಜನೆ: ಕಟ್ಟಡ ಬರುತ್ತದೆ, ಜನ?

11ನೇ ಪಂಚವಾರ್ಷಿಕ ಯೋಜನೆಯಲ್ಲಿ ಹೆದ್ದಾರಿ ಪಕ್ಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಟ್ರಾಮಾ (ಗಾಯಾಳುಗಳ ಚಿಕಿತ್ಸೆಯ) ಕೇಂದ್ರ ಕಟ್ಟಲು ಕೇಂದ್ರ ದುಡ್ಡು ಕೊಟ್ಟಿತು. ಕಟ್ಟಡಕ್ಕೂ ಕೊಟ್ಟಿತು, ಯಂತ್ರಕ್ಕೂ, ಯೋಜನೆ ಮುಗಿಯುವವರೆಗೆ ಸಿಬ್ಬಂದಿ ಸಂಬಳಕ್ಕೂ. ಆಮೇಲೆ ರಾಜ್ಯ ಹೊರಬೇಕು ಅಂತ ಒಪ್ಪಂದ. ಈಗ 2021ರಲ್ಲಿ ಶುರುವಾದ ಪಿಎಂ-ಅಭೀಮ್ ಯೋಜನೆಯಲ್ಲಿ ಜಿಲ್ಲೆಗಳಿಗೆ 50ರಿಂದ 100 ಹಾಸಿಗೆಯ ಕ್ರಿಟಿಕಲ್ ಕೇರ್ ಬ್ಲಾಕ್‌ಗಳನ್ನು ಕೊಟ್ಟಿದ್ದಾರೆ. ಹೊಸ ಕಾಲೇಜುಗಳಿಗೆ ಇಂಥದ್ದು ಬಹಳ ಬೇಕು. ನನ್ನ ಸಲಹೆ ಇಷ್ಟೇ: ಕಟ್ಟಡದ ಅಡಿಪಾಯ ಹಾಕುವ ದಿನವೇ ಹುದ್ದೆಯ ಕಡತ ಬೆಂಗಳೂರಿಗೆ ಹೋಗಿರಬೇಕು. ರಿಬ್ಬನ್ ಕತ್ತರಿಸಿದ ಮೇಲೆ ಕೇಳಿದರೆ ಬೀಗ ಹಾಕಿದ ಹೊಸ ಕಟ್ಟಡದ ಪಕ್ಕದಲ್ಲೇ ಹಳೆಯ ಕಾರಿಡಾರ್‌ನಲ್ಲಿ ರೋಗಿಗಳನ್ನು ನೋಡುತ್ತಾ ಕೂರಬೇಕಾಗುತ್ತದೆ.

ಕಂಪನಿಗಳ ಸಿಎಸ್‌ಆರ್

ನನ್ನ ವಿದ್ಯಾರ್ಥಿಗೆ ಬಂದದ್ದು ಇದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ತಮ್ಮ ಸುತ್ತಲಿನ ಊರಿಗೆ ಆದ್ಯತೆ. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶ, ಹಾವೇರಿ ಜಿಲ್ಲೆಯ ಕುಮಾರಪಟ್ಟಣ, ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ಕಂಪನಿಗಳು. ಕೇಳಲು ಜಾಗ ಇಲ್ಲ ಅಂತ ಹೇಳುವ ಹಾಗಿಲ್ಲ. ದುಡ್ಡು ಪಡೆಯುವ ಟ್ರಸ್ಟ್‌ಗೆ ಸಿಎಸ್‌ಆರ್-1 ನೋಂದಣಿ ಇರಬೇಕು, ಮೊದಲೇ ಮಾಡಿಸಿಟ್ಟುಕೊಳ್ಳಿ.

ಇದರ ಆಯಸ್ಸು ಚಿಕ್ಕದು. ಮುಂದುವರಿಯುವ ಯೋಜನೆ ಅಂತ ಬರೆದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷ. ಕಂಪನಿಗೆ ಕೊಡಲು ಇಷ್ಟವಾಗುವುದು ಫೋಟೊದಲ್ಲಿ ಕಾಣುವ ವಸ್ತು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆನೆ ಕೊಟ್ಟವರು ಮೇವೂ ಕೊಡಬೇಕಲ್ಲ? ಒಂದು ಆಸ್ಪತ್ರೆಯಲ್ಲಿ ದಾನವಾಗಿ ಬಂದ ವೆಂಟಿಲೇಟರ್ ಒಂದು ವರ್ಷ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಬೇಕಾಗಿದ್ದು ಒಂದು ಆಕ್ಸಿಜನ್ ಸೆನ್ಸರ್. ಅದನ್ನು ಕೊಳ್ಳಲು ಯಾವ ಲೆಕ್ಕದಲ್ಲೂ ಜಾಗ ಇರಲಿಲ್ಲ. ಅದೇ ವರ್ಷ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುತ್ತಾ ರೋಗಿಯ ಅಣ್ಣ ರಾತ್ರಿಯಿಡೀ ಕೂತಿದ್ದ.

ಹಾಗಾಗಿ ಯಂತ್ರದ ಜೊತೆ ಐದು ವರ್ಷದ ಸಿಎಂಸಿ, ಅಂದರೆ ಬಿಡಿಭಾಗವೂ ಸೇರಿದ ನಿರ್ವಹಣೆ ಒಪ್ಪಂದ, ಮುಂಗಡವಾಗಿ ಕಟ್ಟಿಸಿಕೊಳ್ಳಿ. ಎರಡು ವೆಂಟಿಲೇಟರ್ ಬದಲು ಒಂದೇ ಕೊಡಿ, ಉಳಿದ ದುಡ್ಡಲ್ಲಿ ಸಿಎಂಸಿ, ಸರ್ಕ್ಯೂಟ್, ನರ್ಸ್‌ಗಳ ತರಬೇತಿ ಕೊಡಿ ಅಂತ ಹೇಳಿ. ಒಪ್ಪದ ಕಂಪನಿ ಕಡಿಮೆ. ನಾವು ಕೇಳುವುದೇ ಇಲ್ಲ, ಅಷ್ಟೇ.

ಹಳೆಯ ವಿದ್ಯಾರ್ಥಿಗಳು, ದಾನಿಗಳು, ಮೂಲನಿಧಿ

"ಕೂತು ಉಂಡರೆ ಕುಡಿಕೆ ಹೊನ್ನು ಸಾಲದು" ಅಂತ ಹಿರಿಯರು ಹೇಳುತ್ತಿದ್ದರಲ್ಲ, ಮೂಲನಿಧಿ ಅನ್ನುವುದು ಆ ಕುಡಿಕೆಯನ್ನು ಮುಟ್ಟದೆ ಬಡ್ಡಿಯಲ್ಲಿ ಬದುಕುವ ದಾರಿ. ವರ್ಷಕ್ಕೆ 10 ಲಕ್ಷ ಬೇಕು ಅಂತಿಟ್ಟುಕೊಳ್ಳಿ. ಬ್ಯಾಂಕ್ ಶೇ 6.5 ಕೊಟ್ಟರೂ ಅಷ್ಟನ್ನೂ ಖರ್ಚು ಮಾಡಿದರೆ ಹತ್ತು ವರ್ಷದಲ್ಲಿ ಆ 10 ಲಕ್ಷಕ್ಕೆ ಬೆಲೆ ಇರುವುದಿಲ್ಲ. ಶೇ 4 ಮಾತ್ರ ತೆಗೆದು ಉಳಿದದ್ದನ್ನು ಅಸಲಿಗೆ ಸೇರಿಸಬೇಕು. ಆಗ 2.5 ಕೋಟಿ ಅಸಲು ಬೇಕು. ಇದು ಹೊಸ ಕಾಲೇಜಿಗೆ ಆಗುವ ಮಾತಲ್ಲ. ಅರವತ್ತು ವರ್ಷ ದಾಟಿದ, ಹಳೆಯ ವಿದ್ಯಾರ್ಥಿಗಳು ಜಗತ್ತಿನ ಎಲ್ಲ ಕಡೆ ಇರುವ ಕಾಲೇಜಿಗೆ ಖಂಡಿತ ಆಗುತ್ತದೆ. ವಿದೇಶದಲ್ಲಿ ಇರುವವರು ಕೊಡುವಾಗ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ ಪೌರರಾಗಿಯೇ ಇದ್ದರೆ ಒಂದು ನಿಯಮ, ಅಲ್ಲಿಯ ಪೌರತ್ವ ಪಡೆದಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಬೇಕು. ಮೂಲನಿಧಿಗೆ ಅಂತ ಪತ್ರದಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಸಾಮಾನ್ಯ ದೇಣಿಗೆಯಲ್ಲಿ ಸೇರಿ ಖರ್ಚಾಗುತ್ತದೆ.

ನಾನಾದರೆ ಈ ಬಡ್ಡಿಯನ್ನು ಪೂರ್ತಿ ಕಲಿಸುವ ಸಮಯಕ್ಕೆ ಇಡುತ್ತೇನೆ. ಬೇರೆ ಯಾವ ಮೂಲವೂ ಕೊಡದ ಆ ಒಂದು ಗಂಟೆಗೆ.

ಪಿಜಿ ಸೀಟು, ತರಬೇತಿ

ಎಂಡಿ ಸೀಟು ತಂದರೆ ಪ್ರತಿ ವರ್ಷ ಒಂದು ತಂಡ ಬರುತ್ತದೆ, ಮೂರು ವರ್ಷ ಇರುತ್ತದೆ. ಒಂದು ತಂಡ ಹೋದರೆ ಇನ್ನೊಂದು ಬಂದಿರುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಅವರ ಸ್ಟೈಪೆಂಡ್ ಸರ್ಕಾರ ಕೊಡುತ್ತದೆ. ದುಡ್ಡು ಕೈಗೆ ಬರದಿದ್ದರೂ ಕೈಗಳು ಬರುತ್ತವೆ. ಖಾಸಗಿ ಕಾಲೇಜಿಗೆ ಫೀಸೂ ಬರುತ್ತದೆ, ಆದರೆ ಅದು ಎಲ್ಲ ವಿಭಾಗಗಳ ದುಡ್ಡಿನ ಜೊತೆ ಬೆರೆತುಹೋಗುತ್ತದೆ. ಸೀಟಿಗೆ ಅರ್ಜಿ ಹಾಕುವಾಗಲೇ ವಿಭಾಗಕ್ಕೆ ಎಷ್ಟು ಪಾಲು ಅಂತ ಮಾತಾಡಿ. ಸೀಟು ಬಂದ ಮೇಲೆ ಆ ಮಾತು ಎತ್ತುವುದು ಕಷ್ಟ.

ತರಬೇತಿಯ ದುಡ್ಡು ಚಿಕ್ಕದು, ಆದರೆ ಸ್ವಂತದ್ದು. ಕಾರ್ಖಾನೆ, ಶಾಲೆ, ಸಾರಿಗೆ ಸಂಸ್ಥೆಯ ಚಾಲಕರು, ಪೊಲೀಸರು, ನರ್ಸಿಂಗ್ ಕಾಲೇಜುಗಳು, ಇವರಿಗೆಲ್ಲ ಸಿಪಿಆರ್, ಪ್ರಥಮ ಚಿಕಿತ್ಸೆ ಬೇಕು. ತಿಂಗಳಿಗೆ ಎರಡು ತರಬೇತಿ, ಒಂದಕ್ಕೆ 20 ಜನ, ತಲೆಗೆ ₹1,500 ಅಂದರೆ ವರ್ಷಕ್ಕೆ 7.2 ಲಕ್ಷ. ಊಟ, ಮ್ಯಾನಿಕಿನ್ ರಿಪೇರಿ ಕಳೆದು ಉಳಿದದ್ದನ್ನು ವಿಭಾಗವೇ ಖರ್ಚು ಮಾಡುವ ಹಾಗೆ ಒಂದು ಖಾತೆ ತೆರೆಸಿ. ಆಕ್ಸಿಜನ್ ಸೆನ್ಸರ್ ತರುವುದು ಈ ದುಡ್ಡಿನಿಂದಲೇ. ಪೊಲೀಸರಿಗೆ, ಆಟೋದವರಿಗೆ ಮಾತ್ರ ಉಚಿತವಾಗಿ ಕಲಿಸಿ. ಅಪಘಾತದ ಜಾಗಕ್ಕೆ ಮೊದಲು ಹೋಗುವವರು ಅವರು.

ಸಂಶೋಧನೆಯ ಅನುದಾನ

ಡೀನ್ ಸಾಹೇಬರ ಮಾತು ತಪ್ಪಲ್ಲ, ಆದರೆ ಹೊತ್ತು ಬೇರೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅನುದಾನ ಒಂದು ಯೋಜನೆಗೆ, ಇಂತಿಷ್ಟು ವರ್ಷಕ್ಕೆ. ಅದರಲ್ಲಿ ರಾತ್ರಿ ಡ್ಯೂಟಿ ಡಾಕ್ಟರ್ ಇಡಲು ಬರುವುದಿಲ್ಲ. ಆರ್‌ಜಿಯುಎಚ್‌ಎಸ್‌ಗೆ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಸೇರಿದ ಕಾಲೇಜುಗಳಿಗೆ ವಿಶ್ವವಿದ್ಯಾಲಯದಿಂದಲೂ ಅನುದಾನ ಸಿಗುತ್ತದೆ, ಶುರು ಮಾಡಲು ಅದು ಸುಲಭ. ಹೆಸರು ಬರುತ್ತದೆ, ಒಬ್ಬ ರಿಸರ್ಚ್ ನರ್ಸ್ ಸಿಗುತ್ತಾರೆ, ಒಳ್ಳೆಯ ರಿಜಿಸ್ಟರ್ ಕಟ್ಟಿಕೊಳ್ಳಬಹುದು.

ನಮ್ಮಲ್ಲಿ ವಿಷಯಕ್ಕೇನೂ ಬರವಿಲ್ಲ. ಕೀಟನಾಶಕದ ವಿಷ, ಹಾವು ಕಡಿತ, ಟ್ರ್ಯಾಕ್ಟರ್ ಗಾಯ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹೇಗೂ ಬರೆಯಲೇಬೇಕಾದ ಆ ಮಾಹಿತಿಯನ್ನೇ ಸರಿಯಾಗಿ ಬರೆದಿಟ್ಟರೆ ಎರಡು ವರ್ಷದಲ್ಲಿ ಅನುದಾನದ ಅರ್ಜಿಗೆ ಬೇಕಾದ ಅಂಕಿ ಕೈಯಲ್ಲಿರುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಹೊಸ ಸರ್ಕಾರಿ ಕಾಲೇಜಾದರೆ ಮಂಜೂರಾದ ಹುದ್ದೆ, ಅದರ ಜೊತೆಗೆ ರಾತ್ರಿ ಕ್ಲೇಮ್ ವ್ಯವಸ್ಥೆ. ಮೊದಲ ಎರಡು ವರ್ಷ ಬೇರೆ ಯಾವುದರ ಹಿಂದೆಯೂ ಹೋಗಬೇಡಿ, ಬಂದ ಸಿಎಸ್‌ಆರ್ ಅನ್ನು ಮಾತ್ರ ಸಿಎಂಸಿ ಸಹಿತ ತೆಗೆದುಕೊಳ್ಳಿ. ಹಳೆಯ ದೊಡ್ಡ ಸರ್ಕಾರಿ ಕಾಲೇಜಿಗೆ ಹುದ್ದೆಗಳು ಹೇಗೂ ಇರುತ್ತವೆ, ಅವರು ಪಿಜಿ ಸೀಟು ಹೆಚ್ಚಿಸುವುದಕ್ಕೆ, ಹಳೆಯ ವಿದ್ಯಾರ್ಥಿಗಳ ಮೂಲನಿಧಿಗೆ, ಸಂಶೋಧನೆಗೆ ಕೈ ಹಾಕಬಹುದು. ಖಾಸಗಿ ಅಥವಾ ಟ್ರಸ್ಟ್ ಕಾಲೇಜಿಗೆ ಎಲ್ಲಕ್ಕಿಂತ ಮೊದಲು ಒಳಗಿನ ಪಾಲಿನ ಲೆಕ್ಕ. ಆಡಳಿತ ಮಂಡಳಿಯ ಕಣ್ಣಲ್ಲಿ ವಿಭಾಗ ನಷ್ಟದ್ದು ಅನ್ನುವುದು ಅಳಿಸುವವರೆಗೆ ಬೇರೆ ದುಡ್ಡು ಎಷ್ಟು ತಂದರೂ ನಿಲ್ಲುವುದಿಲ್ಲ.

ಯಾವುದೇ ಒಂದು ಮೂಲ ನಾಳೆ ನಿಂತರೆ ರಾತ್ರಿ ಪಾಳಿ ನಡೆಯುತ್ತದೆಯಾ ಅಂತ ಕೇಳಿಕೊಳ್ಳಿ. ನಡೆಯುವುದಿಲ್ಲ ಅಂದರೆ ಸಂಬಳವನ್ನು ತಪ್ಪು ದುಡ್ಡಿನ ಮೇಲೆ ನಿಲ್ಲಿಸಿದ್ದೀರಿ ಅಂತ ಅರ್ಥ.

ನನ್ನ ವಿದ್ಯಾರ್ಥಿ ಕಂಪನಿಯವರಿಗೆ ಒಂದೇ ವೆಂಟಿಲೇಟರ್ ಸಾಕು, ಐದು ವರ್ಷದ ಸಿಎಂಸಿ ಕೊಡಿ ಅಂತ ಪತ್ರ ಬರೆದ. ಅವರು ಒಪ್ಪಿದರು. ಸಂಶೋಧನೆಗೆ ಎರಡು ವರ್ಷ ಸಮಯ ಕೇಳಿದ. 27 ಜನರ ಲೆಕ್ಕದ ಹಾಳೆಯನ್ನು ಡೀನ್ ಸಾಹೇಬರ ಟೇಬಲ್ ಮೇಲೆ ಇಟ್ಟು ಬಂದಿದ್ದಾನೆ. ಮೊನ್ನೆ ಮತ್ತೆ ಫೋನ್ ಮಾಡಿದ್ದ, ಯಾವ ತಾಲೂಕಿನಿಂದ ಎಷ್ಟು ರೋಗಿಗಳು ಅಂತ ಹಳೆಯ ರಿಜಿಸ್ಟರ್‌ಗಳಿಂದ ತೆಗೆಯುತ್ತಿದ್ದಾರಂತೆ, ಹೌಸ್ ಸರ್ಜನ್‌ಗಳೂ ಕೂತಿದ್ದಾರಂತೆ. 2023ರದ್ದು ಮುಗಿದಿದೆ, 2024ರದ್ದು ಅರ್ಧ ಆಗಿದೆ.